ಕಾಂಕ್ರೀಟ್ ಚರ್ಚಿಗೆ ‘ಜೀರ್ಣೋದ್ಧಾರ’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಓಕ್ ಪಾರ್ಕಿನಲ್ಲಿರುವ ಯೂನಿಟಿ ಟೆಂಪಲ್ ಬಗ್ಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆಸರಿನಲ್ಲಿ ಟೆಂಪಲ್ ಇದ್ದರೂ ಅದು ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಎಂಬ ಉದಾರ ಪಂಥದವರ ಚರ್ಚು. ಮೊದಲಿದ್ದ ಮರದ ಚರ್ಚು 1905ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಆಗ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಹೊಸದನ್ನು ಕಾಂಕ್ರೀಟಿನಲ್ಲೇ ಎರಕ ಹೊಯ್ಯಿಸಿ, ಹೊರಗೋಡೆಗೆ ಗಾರೆಯನ್ನೂ ಬಳಿಸದೆ ಜಲ್ಲಿ ಕಾಣುವಂತೆ ಬಿಟ್ಟ. ಚಪ್ಪಟೆ ತಾರಸಿಗಳು, ನೀರು ಇಳಿಯದೆ ಇರುತ್ತದೆಯೇ? 2008ರಲ್ಲಿ ಒಳಚಾವಣಿಯ ಗಾರೆ ಕಳಚಿ ಬಿತ್ತು. 2015ರಿಂದ 2017ರವರೆಗೆ ಬಾಗಿಲು ಮುಚ್ಚಿ ಸರಿಪಡಿಸಿದರು.

ನನ್ನ ತೊಡಕು ಈ ‘ಸರಿಪಡಿಸಿದರು’ ಎಂಬಲ್ಲೇ. ಮೊದಲು ‘ಜೀರ್ಣೋದ್ಧಾರ’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ನಮ್ಮ ಕಡೆ ಜೀರ್ಣೋದ್ಧಾರ ಸಮಿತಿಯವರು ರಸೀದಿ ಪುಸ್ತಕ ಹಿಡಿದು ಬಂದರೆಂದರೆ ಕಲ್ಲುಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಟೈಲ್ಸು ಬಂತೆಂದೇ ಲೆಕ್ಕ. ಓಕ್ ಪಾರ್ಕಿನಲ್ಲಿ ಆದದ್ದು ಅದಲ್ಲ. 1970ರ ದಶಕದಲ್ಲಿ ಹೊರಗೋಡೆಗೆ ಸಿಂಪಡಿಸಿದ್ದ ಕಾಂಕ್ರೀಟ್ ಪದರದಲ್ಲಿ ಸಡಿಲವಾದಷ್ಟನ್ನೇ ತೆಗೆದು, ಹಳೆಯದಕ್ಕೆ ಹೊಂದುವ ಹಾಗೆ ತೇಪೆ ಹಾಕಿದರು. ಒಳಗೆ ಮಾತ್ರ ಬಣ್ಣದ ಪದರಗಳ ಅಡಿಯಲ್ಲಿ ರೈಟನ ಕಾಲದ ಬಣ್ಣ ಹುಡುಕಿ ಅದನ್ನೇ ಮರಳಿ ತಂದರು. ಹೊರಗೆ ಇದ್ದದ್ದನ್ನು ಉಳಿಸುವ ಕೆಲಸ, ಒಳಗೆ ಹಿಂದಕ್ಕೆ ಹೋಗುವ ಕೆಲಸ. ಮೊದಲನೆಯದಕ್ಕೆ ‘ಸಂರಕ್ಷಣೆ’ ಸಾಕೆನಿಸುತ್ತದೆ. ಎರಡನೆಯದಕ್ಕೆ? ‘ಪುನಃಸ್ಥಾಪನೆ’ ಎಂದರೆ ಯಾರನ್ನೋ ಕುರ್ಚಿಯಲ್ಲಿ ಮತ್ತೆ ಕೂರಿಸಿದಂತೆ ಕೇಳುತ್ತದೆ.

ಹೀಗಿರುವಾಗ ಶಾಸನಗಳ ‘ಖಂಡಸ್ಫುಟಿತ ಜೀರ್ಣೋದ್ಧಾರ’ ನೆನಪಾಯಿತು. ಗುಡಿ, ಬಸದಿಗಳಿಗೆ ದತ್ತಿ ಬಿಡುವಾಗ ಮತ್ತೆ ಮತ್ತೆ ಬರುವ ಮಾತು. ಖಂಡ ಎಂದರೆ ತುಂಡಾದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು, ಜೀರ್ಣ ಎಂದರೆ ಸವೆದದ್ದು. ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟು ಸೀಳಿ ಚಕ್ಕೆ ಏಳುವುದನ್ನು ನೋಡಿದವರಿಗೆ ಈ ಮಾತು ಎಷ್ಟು ಕರಾರುವಾಕ್ಕು ಎಂದು ಗೊತ್ತಾದೀತು. ಹೊಸದಾಗಿ ಕಟ್ಟುವ ಸೊಲ್ಲೇ ಅದರಲ್ಲಿಲ್ಲ. ಬಸದಿಗೆ ಸಂದ ಮಾತು ಚರ್ಚಿಗೂ ಸಲ್ಲಬೇಕಲ್ಲ!

ಆದರೆ ಇಂದಿನ ಓದುಗರು ‘ಖಂಡಸ್ಫುಟಿತ’ ಕಂಡು ಪುಟ ತಿರುಗಿಸಿಬಿಟ್ಟರೆ? ಇದನ್ನು ಬಳಸಿದವರಿದ್ದೀರಾ? ಒಳಗಿನ ಬಣ್ಣದ ಕೆಲಸಕ್ಕೆ ಸದ್ಯ ‘ಮೂಲರೂಪಕ್ಕೆ ತರುವುದು’ ಎಂದು ಬಿಡಿಸಿಯೇ ಬರೆದಿದ್ದೇನೆ. ಒಂದೇ ಪದ ಹೊಳೆದರೆ ತಿಳಿಸಿ.

ಅಂದ ಹಾಗೆ, ‘ಮಾಡರ್ನ್’ ಎಂಬುದಕ್ಕೆ ‘ನವ್ಯ ಚರ್ಚು’ ಎಂದು ಬರೆಯಲು ಕೈ ಬರುತ್ತಿಲ್ಲ, ನವ್ಯ ಕಾವ್ಯದ ಅಡಿಗರು ಅಡ್ಡ ಬರುತ್ತಾರೆ.