ಎಕ್ಸ್‌ಟೆಂಡೆಡ್ ವಾರಂಟಿ ಬೇಡ ಅಂದರೆ ದುಡ್ಡು ವಾಪಸ್ ಬರುತ್ತಾ? ವಕೀಲರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಗ್ರಾಹಕರ ಕೇಸು ನಡೆಸುವ ವಕೀಲೆಯೊಬ್ಬರು ಇವತ್ತು ನಮ್ಮ ಜೊತೆ ಇದ್ದಾರೆ. ಕಾರಿನ ಎಕ್ಸ್‌ಟೆಂಡೆಡ್ ವಾರಂಟಿ ರದ್ದು ಮಾಡಿಸೋದು, ಹಣ ವಾಪಸ್ ಪಡೆಯೋದು, ಇಷ್ಟೇ ವಿಷಯ. ಊರಿನ ಹೆಸರು ಹಾಕಿ ಕೇಳಿ. ಶೋರೂಮಿನ ಹೆಸರು ಬೇಡ.

ತುಮಕೂರು: ಮೇಡಂ, ಕಾರು ತಗೊಂಡು 5 ತಿಂಗಳಾಯಿತು. ಕಂಪನಿ ವಾರಂಟಿ 3 ವರ್ಷ ಇದೆ. ಅದಾದ ಮೇಲಿನ 2 ವರ್ಷಕ್ಕೆ ಅಂತ 22,000 ಕಟ್ಟಿಸಿಕೊಂಡರು. ಈಗ ಬೇಡ ಅಂದರೆ ‘ನಾನ್ ರಿಫಂಡಬಲ್’ ಅಂತಾರೆ.

ವಕೀಲರು: ಮೊದಲು ವಾರಂಟಿ ಕಾಗದದ ಷರತ್ತು ಓದಿ. ರದ್ದು ಮಾಡಲು ಅಲ್ಲಿ ಅವಕಾಶ ಇದ್ದರೆ ಅದೇ ಹತ್ತಿರದ ದಾರಿ. ಇಲ್ಲ ಅಂತ ಬರೆದಿದ್ದರೂ ನಿಮ್ಮ ಕಡೆ ಒಂದು ಗಟ್ಟಿ ಮಾತಿದೆ: ನೀವು ದುಡ್ಡು ಕೊಟ್ಟ ಆ 2 ವರ್ಷ ಇನ್ನೂ ಶುರುವೇ ಆಗಿಲ್ಲ. ಇದನ್ನೇ ಬರೆದು ಡೀಲರ್‌ಗೂ ಕಂಪನಿಗೂ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಕೂಡ ಹಾಕಿ. ಬಾಯಿಮಾತು ಲೆಕ್ಕಕ್ಕೆ ಬರಲ್ಲ. ತಡ ಮಾಡಬೇಡಿ. ನೀವು ಕಟ್ಟಿದ್ದರಲ್ಲಿ 18% ಜಿಎಸ್‌ಟಿ ಇದೆ. ಆರ್ಥಿಕ ವರ್ಷ ಮುಗಿದು ಮುಂದೆ ಬರುವ ನವೆಂಬರ್ 30 ದಾಟಿದರೆ ಡೀಲರ್ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸುವ ಕಾಗದ) ಹಾಕಿ ಆ ತೆರಿಗೆಯನ್ನು ತನ್ನ ಲೆಕ್ಕದಿಂದ ಕಡಿಮೆ ಮಾಡಿಕೊಳ್ಳಲು ಆಗಲ್ಲ. ಆಮೇಲೆ ಅಷ್ಟನ್ನು ನಿಮ್ಮ ತಲೆಗೇ ಕಟ್ಟುತ್ತಾರೆ.

ಮೈಸೂರು: ಎಲ್ಲರೂ ಇದನ್ನು ನೋಡಿ, ಫಾರ್ವರ್ಡ್ ಬಂದಿದ್ದು: ‘ಏನೇ ಕೊಂಡರೂ 30 ದಿನದಲ್ಲಿ ಬೇಡ ಅಂದರೆ ಪೂರ್ತಿ ಹಣ ಕೊಡಲೇಬೇಕು. ಇಲ್ಲದಿದ್ದರೆ ಶೋರೂಂ ಲೈಸೆನ್ಸ್ ರದ್ದು.’

ವಕೀಲರು: ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ರಲ್ಲಿ 30 ದಿನದ ಮಾತು ಇದೆ. ಅದು ದೋಷ ಇರುವ ವಸ್ತುವಿಗೆ, ಸರಿಯಾಗಿ ಕೊಡದ ಸೇವೆಗೆ. ಅದೂ ಬಿಲ್ಲಿನಲ್ಲಿ ಬೇರೆ ಗಡುವು ಬರೆದಿಲ್ಲದಾಗ. ಮನಸ್ಸು ಬದಲಾಯಿತು ಅನ್ನುವುದಕ್ಕೆ ಅಲ್ಲ. ದಯವಿಟ್ಟು ಮುಂದೆ ಕಳಿಸಬೇಡಿ.

ದಾವಣಗೆರೆ: ನನ್ನದು 8 ತಿಂಗಳಾಯಿತು, ಸಿಗುತ್ತಾ ಮೇಡಂ?

ವಕೀಲರು: ತುಮಕೂರಿನವರಿಗೆ ಬರೆದದ್ದನ್ನು ಓದಿ.

ಶಿವಮೊಗ್ಗ: ಮೇಡಂ, ಕಾರು ಅಪ್ಪನ ಹೆಸರಲ್ಲಿದೆ. ಡೆಲಿವರಿ ಆಗಿ 1 ವರ್ಷ 10 ತಿಂಗಳು. ಬಿಲ್ಲಿನಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ 26,500 ಅಂತ ಇದೆ. ರದ್ದು ಮಾಡಿಸೋಣ ಅಂತ ಕಂಪನಿಗೆ ಫೋನ್ ಮಾಡಿ ಚಾಸಿಸ್ ನಂಬರ್ ಕೊಟ್ಟೆ. ಈ ಗಾಡಿಗೆ ಅಂಥ ವಾರಂಟಿಯೇ ಇಲ್ಲ ಅಂದರು! ಶೋರೂಮಿನವರನ್ನು ಕೇಳಿದರೆ ‘ಸಿಸ್ಟಂ ಪ್ರಾಬ್ಲಂ, ಒಂದು ರದ್ದತಿ ಫಾರಂಗೆ ಸಹಿ ಹಾಕಿ, ಕಳೆದು ಉಳಿದದ್ದು ಕೊಡ್ತೀವಿ’ ಅಂದರು.

ವಕೀಲರು: ಆ ಫಾರಂಗೆ ಸಹಿ ಹಾಕಬೇಡಿ. ಅಪ್ಪನಿಗೂ ಈಗಲೇ ಹೇಳಿ.

ಯಾಕೆ ಅಂದರೆ, ಇದ್ದದ್ದನ್ನು ತಾನೇ ರದ್ದು ಮಾಡುವುದು? ಸಹಿ ಹಾಕಿದರೆ ವಾರಂಟಿ ಇತ್ತು ಅಂತ ನೀವೇ ಒಪ್ಪಿಕೊಂಡ ಹಾಗೆ. ಆಮೇಲೆ ‘ಇಷ್ಟು ತಿಂಗಳು ರಕ್ಷಣೆ ಕೊಟ್ಟಿದ್ದೇವೆ’ ಅಂತ ಹಣ ಮುರಿದುಕೊಳ್ಳುತ್ತಾರೆ. ಹಳೆ ತಾರೀಖು ಹಾಕಿ ಈಗ ನೋಂದಣಿ ಮಾಡಿಕೊಡುತ್ತೇವೆ ಅಂದರೂ ಒಪ್ಪಬೇಡಿ.

ಒಂದು ವಿಷಯ ಮೊದಲು ನೋಡಿ. ಕೆಲವು ಡೀಲರ್‌ಗಳು ಕಾರು ಕಂಪನಿಯದಲ್ಲ, ಬೇರೆಯವರ ವಾರಂಟಿ ಮಾರುತ್ತಾರೆ. ಅದು ಕಾರು ಕಂಪನಿಯ ದಾಖಲೆಯಲ್ಲಿ ಕಾಣಲ್ಲ. ಡೆಲಿವರಿ ದಿನ ಕೊಟ್ಟ ಫೈಲಿನಲ್ಲಿ ಅಂಥ ಸರ್ಟಿಫಿಕೇಟ್ ಇದೆಯಾ ಹುಡುಕಿ. ಇದ್ದರೆ ಅದರಲ್ಲಿರುವ ಹೆಸರಿನವರನ್ನು ಕೇಳಬೇಕು. ಅದೂ ಇಲ್ಲ ಅಂದರೆ, ಕೊಡದ ಸೇವೆಗೆ ದುಡ್ಡು ತಗೊಂಡಿದ್ದಾರೆ. ಆಗ ಕೇಳಬೇಕಾದದ್ದು ಪೂರ್ತಿ 26,500 ಮತ್ತು ಬಡ್ಡಿ.

ಕಂಪನಿಯವರು ಫೋನಿನಲ್ಲಿ ಹೇಳಿದ್ದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ನಿಮ್ಮ ಕೇಸಿನ ಜೀವ ಅದೇ.

ನನಗೆ ಭಯ ಇರೋದು ದಿನಗಳ ಬಗ್ಗೆ. ಕಾಯ್ದೆಯ 69ನೇ ಕಲಂ ಪ್ರಕಾರ 2 ವರ್ಷದೊಳಗೆ ದೂರು ಕೊಡಬೇಕು. ಗೊತ್ತಾದದ್ದು ಈಗ ಅಂತ ವಾದ ಮಾಡಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ದುಡ್ಡು ಕೊಟ್ಟ ದಿನದಿಂದಲೇ ಎಣಿಸಿ. ‘ಮುಂದಿನ ವಾರ ಬನ್ನಿ’ ಅಂತ ಅವರು ಓಡಾಡಿಸಿದ ದಿನಗಳೂ ಇದರಲ್ಲೇ ಕಳೆದುಹೋಗುತ್ತವೆ. ದೂರನ್ನು ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲೂ ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ದೂರು ಅಪ್ಪನ ಹೆಸರಲ್ಲೇ ಇರಲಿ.

ಹುಬ್ಬಳ್ಳಿ: ಇಷ್ಟೆಲ್ಲ ಯಾಕೆ? ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿದರ ಸಾಕು, ಮೂರು ದಿನದಾಗ ರೊಕ್ಕ ಅಕೌಂಟಿಗೆ ಬರತೈತಿ ಅಂತ ಗ್ರೂಪಿನ್ಯಾಗ ಬಂದಿತ್ತು.

ವಕೀಲರು: 1915 ಒಳ್ಳೆಯ ಸಹಾಯವಾಣಿ. ನಾನೂ ಜನರನ್ನು ಕಳಿಸುತ್ತೇನೆ. ಆದರೆ ಅವರು ಕಂಪನಿ ಜೊತೆ ಮಾತಾಡಿಸಬಹುದು, ಆದೇಶ ಮಾಡಲು ಆಗಲ್ಲ. ಅಲ್ಲಿ ದೂರು ಕೊಟ್ಟರೆ ಆ 2 ವರ್ಷದ ಎಣಿಕೆ ನಿಲ್ಲುವುದೂ ಇಲ್ಲ. ಶಿವಮೊಗ್ಗದವರು ನಿಮ್ಮ ಮಾತು ನಂಬಿ ಕೂತರೆ ಹಣ ನೀವು ಕೊಡುತ್ತೀರಾ?

ಮಂಗಳೂರು: ನನ್ನ ಕೇಳಿದರೆ ವಾರಂಟಿ ರದ್ದು ಮಾಡಿಸೋದೇ ತಪ್ಪು. ನನ್ನ ಆಟೊಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ 4ನೇ ವರ್ಷ ಕೈಕೊಟ್ಟಿತು. ಒಂದೂಕಾಲು ಲಕ್ಷದ ಕೆಲಸ ಪುಕ್ಕಟೆ ಆಯಿತು.

ದಾವಣಗೆರೆ: ನಿಮ್ಮದು ಆಟೊಮ್ಯಾಟಿಕ್. ತಿಂಗಳಿಗೆ 300 ಕಿಲೋಮೀಟರ್ ಓಡಿಸುವ ಮ್ಯಾನ್ಯುಯಲ್ ಗಾಡಿಗೆ ಯಾಕೆ ಬೇಕು? ಕ್ಲಚ್, ಬ್ರೇಕ್ ಪ್ಯಾಡ್ ಸವೆದರೆ ಕೊಡ್ತಾರಾ?

ಮಂಗಳೂರು: ಕ್ಲಚ್ ಸವೆಯುವ ಸಾಮಾನು ಮಾರಾಯರೇ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಎಸಿ ಕಂಪ್ರೆಸರ್, ಸ್ಟೀರಿಂಗ್ ಮೋಟರ್ ಹೋದರೆ ಗೊತ್ತಾಗುತ್ತದೆ.

ದಾವಣಗೆರೆ: ನೀವು ಶೋರೂಮಿನಲ್ಲಿ ಕೆಲಸ ಮಾಡ್ತೀರಾ?

ಮಂಗಳೂರು: ಮರ್ಯಾದೆ ಕೊಟ್ಟು ಮಾತಾಡಿ. ಮೇಲಿನ ಉತ್ತರ ಓದಲೂ ಆಗದೆ ಅದನ್ನೇ ಕೇಳಿದವರು ನೀವು.

ಕೋಲಾರ: ಸಿಎನ್‌ಜಿ ಕಿಟ್ ಹೊರಗಡೆ ಹಾಕಿಸಿದರೆ ರಿಫಂಡ್ ಬರುತ್ತಾ?

ಉಡುಪಿ: ಕಾರು ಮಾರುತ್ತಿದ್ದೇನೆ. ವಾರಂಟಿ ಏನು ಮಾಡಲಿ?

ವಕೀಲರು: ಹಲವು ವಾರಂಟಿಗಳನ್ನು ಹೊಸ ಮಾಲೀಕರ ಹೆಸರಿಗೆ ವರ್ಗಾಯಿಸಬಹುದು. ಷರತ್ತು ನೋಡಿ, ಆಗುತ್ತದೆ ಅಂದರೆ ಬೆಲೆಯಲ್ಲಿ ಸೇರಿಸಿ ಕೇಳಿ.

ಹಾಸನ: ವಾರಂಟಿ ತಗೊಂಡರೆ ಮಾತ್ರ ಡೆಲಿವರಿ ಅಂದಿದ್ದರು ಮೇಡಂ.

ವಕೀಲರು: ಹಾಗೆ ಕಡ್ಡಾಯ ಮಾಡುವಂತಿಲ್ಲ. ಅದೇ ಗ್ರಾಹಕ ಕಾಯ್ದೆಯ 2(41) ಓದಿ. ಅವರು ಹಾಗಂದ ವಾಟ್ಸಾಪ್ ಮೆಸೇಜ್ ಇದೆಯಾ?

ಹಾಸನ: ಬಾಯಲ್ಲಿ ಹೇಳಿದ್ದು.

ಬೆಳಗಾವಿ: ‘ನಿಮ್ಮ ವಾರಂಟಿ ರಿಫಂಡ್ ಪಾಸ್ ಆಗಿದೆ’ ಅಂತ ಫೋನ್ ಬಂತು. ಲಿಂಕ್ ಒತ್ತಿ ಯುಪಿಐ ಪಿನ್ ಹಾಕಿ ಅಂದರು.

ವಕೀಲರು: ಹಾಕಬೇಡಿ! ಹಣ ಬರಲು ಪಿನ್ ಬೇಕಾಗಲ್ಲ. ಹಾಕಿಬಿಟ್ಟಿದ್ದರೆ ಈ ಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ದಾವಣಗೆರೆ: ಮಂಗಳೂರಿನವರೇ, ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ವಕೀಲರು: ಶಿವಮೊಗ್ಗದವರೇ, ಡೆಲಿವರಿ ಬಿಡಿ, ಬಿಲ್ಲಿನ ಮೇಲೆ ಯಾವ ತಾರೀಖಿದೆ?

ಶಿವಮೊಗ್ಗ: ಈಗ ತೆಗೆದು ನೋಡಿದೆ ಮೇಡಂ. ಡೆಲಿವರಿಗಿಂತ 25 ದಿನ ಮೊದಲೇ ದುಡ್ಡು ಕಟ್ಟಿದ್ದೇವೆ. ಬಿಲ್ಲೂ ಅವತ್ತಿನದೇ. ಸರ್ಟಿಫಿಕೇಟ್ ಯಾವುದೂ ಸಿಗಲಿಲ್ಲ.

ವಕೀಲರು: ಹಾಗಾದರೆ ನಿಮಗೆ ಉಳಿದಿರೋದು ಎರಡು ತಿಂಗಳಲ್ಲ, ಐದು ವಾರ. ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಹಾಕಿ. ಉತ್ತರಕ್ಕೆ 15 ದಿನ ಕೊಡಿ, ಅದಕ್ಕಿಂತ ಜಾಸ್ತಿ ಬೇಡ. ಆ 15 ದಿನದಲ್ಲೇ ದೂರು ಬರೆದು ಸಿದ್ಧ ಇಟ್ಟುಕೊಳ್ಳಿ.