ಸ್ಪ್ಯಾನಿಷ್ ಸಬ್ಜಂಕ್ಟಿವ್: ಶಿಕ್ಷಕಿಗೆ ನಮ್ಮ ಬಳಗದ ಪ್ರಶ್ನೆಗಳು

ಸದಸ್ಯ, ಧಾರವಾಡ: ನಮಸ್ಕಾರ ಮೇಡಂ. ‘ಆಬ್ಲಾರ್’ನಂತಹ ನಿಯಮಬದ್ಧ ಕ್ರಿಯಾಪದಗಳ ವರ್ತಮಾನ ಸಬ್ಜಂಕ್ಟಿವ್ ರೂಪಗಳನ್ನು, ಅಂದರೆ ಬಯಕೆ, ಸಂದೇಹ, ಇನ್ನೂ ನಡೆಯದ ಸಂಗತಿ ಹೇಳುವ ರೂಪಗಳನ್ನು, ಹೇಗೆ ಕಟ್ಟಬೇಕು?

ಶಿಕ್ಷಕಿ: ‘ನಾನು ಮಾತನಾಡುತ್ತೇನೆ’ ಎಂಬರ್ಥದ ‘ಆಬ್ಲೊ’ದಿಂದ ಕೊನೆಯ ‘ಒ’ ತೆಗೆದು ‘ಎ’ ಹಚ್ಚಿರಿ: ಆಬ್ಲೆ, ಆಬ್ಲೆಸ್, ಆಬ್ಲೆ, ಆಬ್ಲೇಮೊಸ್, ಆಬ್ಲೇಯ್ಸ್, ಆಬ್ಲೆನ್ (ನಾನು, ನೀನು, ಅವನು ಅಥವಾ ಅವಳು, ನಾವು, ನೀವೆಲ್ಲ, ಅವರು ಎಂಬ ಕ್ರಮದಲ್ಲಿ). ‘ಕೊಮೇರ್’ (ತಿನ್ನು), ‘ಬಿಬೀರ್’ (ವಾಸಿಸು) ವರ್ಗದವುಗಳಿಗೆ ‘ಅ’ ಬರುತ್ತದೆ: ಕೋಮ, ಬೀಬ.

ಸದಸ್ಯೆ, ಮೈಸೂರು: ವಾಟ್ಸ್‌ಆ್ಯಪ್‌ನಲ್ಲಿ ಬಂದ ಸೂತ್ರವೊಂದರ ಪ್ರಕಾರ ವಾಕ್ಯದಲ್ಲಿ ‘ಎಂದು’ ಎಂಬರ್ಥದ ‘ಕೆ’ ಇದ್ದರೆ ಮುಂದೆ ಸಬ್ಜಂಕ್ಟಿವ್ ಬರಲೇಬೇಕಂತೆ. ಸರಿಯೇ ಮೇಡಂ?

ಶಿಕ್ಷಕಿ: ತಪ್ಪು. ‘ಸೆ ಕೆ ಬೀಬೆಸ್ ಅಕೀ’, ಅಂದರೆ ನೀನು ಇಲ್ಲಿ ವಾಸಿಸುತ್ತೀಯೆಂದು ನನಗೆ ಗೊತ್ತು. ಇಲ್ಲಿ ಸಬ್ಜಂಕ್ಟಿವ್ ಇಲ್ಲ. ‘ಕ್ಯೇರೊ ಕೆ ಬೀಬಸ್ ಅಕೀ’, ಅಂದರೆ ನೀನು ಇಲ್ಲಿ ವಾಸಿಸಬೇಕೆಂಬುದು ನನ್ನ ಬಯಕೆ, ಇಲ್ಲಿ ಇದೆ. ಎರಡರಲ್ಲೂ ‘ಕೆ’ ಇದೆ, ನಿರ್ಧರಿಸುವುದು ಅದರ ಹಿಂದಿನ ಕ್ರಿಯಾಪದ. ಇಂಥ ಸೂತ್ರಗಳನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.

ಸದಸ್ಯೆ, ವಲೆನ್ಸಿಯಾ: ಅಡುಗೆಮನೆಯ ಪೈಪು ಸೋರುತ್ತಿದ್ದುದರಿಂದ ಮನೆಯೊಡತಿಗೆ ‘ಕ್ವಾಂದೊ ಯೇಗ ಎಲ್ ಫೊಂತನೇರೊ, ಲೆ ಪಾಗೊ’ ಎಂದು ಬರೆದೆ. ಪ್ಲಂಬರ್ ಬಂದಾಗ ಹಣ ಕೊಡುತ್ತೇನೆ ಎಂಬುದು ನನ್ನ ಉದ್ದೇಶವಾಗಿತ್ತು. ಅವರು ಗಾಬರಿಯಿಂದ, ಆತ ಇದುವರೆಗೆ ಎಷ್ಟು ಸಲ ಬಂದಿದ್ದಾನೆ ಎಂದು ಕೇಳಿದರು.

ಶಿಕ್ಷಕಿ: ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು, ಏಕೆಂದರೆ ತಪ್ಪಿನ ಬೇರು ನಮ್ಮ ಕನ್ನಡದಲ್ಲೇ ಇದೆ. ‘ಬಂದಾಗ ಕೊಡುತ್ತೇನೆ’ ಎಂಬುದನ್ನು ನಾವು ನಾಳೆಯ ಒಂದು ಸಲಕ್ಕೂ ಬಳಸುತ್ತೇವೆ, ತಿಂಗಳು ತಿಂಗಳು ನಡೆಯುವ ರೂಢಿಗೂ ಬಳಸುತ್ತೇವೆ. ಸ್ಪ್ಯಾನಿಷ್ ಇವೆರಡನ್ನೂ ಬೇರ್ಪಡಿಸುತ್ತದೆ. ‘ಯೇಗ’ ಎಂದಾಗ ಆತ ಬಂದಾಗಲೆಲ್ಲ ಹಣ ಕೊಡುತ್ತೀರೆಂದು ಆಕೆ ತಿಳಿದದ್ದು ಸಹಜ. ಇನ್ನೂ ನಡೆಯದ ಬರುವಿಕೆಗೆ ‘ಕ್ವಾಂದೊ ಯೇಗೆ ಎಲ್ ಫೊಂತನೇರೊ, ಲೆ ಪಗರೇ’ ಎನ್ನಬೇಕು. ಬರೆಯುವಾಗ ‘ಗ್’ ಮತ್ತು ‘ಎ’ ನಡುವೆ ‘ಉ’ ಅಕ್ಷರ ಬಿಡಬೇಡಿ. ಬಿಟ್ಟರೆ ಅದು ‘ಯೇಹೆ’ ಆಗುತ್ತದೆ. ‘ಆತ ಮಾತನಾಡಲಿ’ ಎಂಬಲ್ಲಿನ ನಮ್ಮ ‘ಲಿ’ಯನ್ನು ನಂಬಿ ಸಬ್ಜಂಕ್ಟಿವ್ ಗುರುತಿಸುವವರು ಇಲ್ಲಿಯೇ ಎಡವುತ್ತಾರೆ. ಅದು ಹಾರೈಕೆಗೆ ಹೊಂದುತ್ತದೆ, ‘ಕ್ವಾಂದೊ’ಗೆ ಹೊಂದುವುದಿಲ್ಲ.

ಸದಸ್ಯೆ, ಮಂಗಳೂರು: ‘ಹಾಗಾಗಲಿ’ ಎಂದು ಹಾರೈಸುವ ‘ಒಹಲಾ’ ಎಂಬ ಪದ ಅರಬ್ಬೀ ಮೂಲದ್ದಲ್ಲವೇ? ಅದರ ಮುಂದೆ ಯಾವಾಗಲೂ ಸಬ್ಜಂಕ್ಟಿವ್ ಬೇಕೇ?

ಸದಸ್ಯ, ಬೆಂಗಳೂರು: ‘ಆಬ್ಲೇಯ್ಸ್’ ಏಕೆ ಕಲಿಯಬೇಕು? ಮೆಕ್ಸಿಕೊದವರು ‘ನೀವೆಲ್ಲ’ ಎಂಬುದಕ್ಕೂ ‘ಆಬ್ಲೆನ್’ ಎಂದೇ ಮುಗಿಸುತ್ತಾರೆ.

ಸದಸ್ಯೆ, ವಲೆನ್ಸಿಯಾ: ಸ್ಪೇನಿನಲ್ಲಿ ಗೆಳೆಯರ ಗುಂಪಿನೊಡನೆ ದಿನವೂ ಅದೇ ರೂಪ ಬೇಕು.

ಸದಸ್ಯ, ಬೆಂಗಳೂರು: ಒಂದು ದೇಶದ ರೂಢಿಯನ್ನು ಎಲ್ಲರ ಮೇಲೂ ಹೇರಬೇಡಿ.

ಸದಸ್ಯ, ಧಾರವಾಡ: ಹೇರಿದವರು ಯಾರು? ಕಲಿಯಲು ಮನಸ್ಸಿಲ್ಲದಿದ್ದರೆ ಸುಮ್ಮನಿರಿ.

ಸದಸ್ಯ, ಹುಬ್ಬಳ್ಳಿ: ‘ಆಬ್ಲಾರ್’ನ ಸಬ್ಜಂಕ್ಟಿವ್ ರೂಪ ಯಾವುದು?

ಶಿಕ್ಷಕಿ: ಮೊದಲ ಉತ್ತರ ಓದಿ.

ಸದಸ್ಯೆ, ಮೈಸೂರು: ಅನುಮಾನವಿದ್ದಲ್ಲೆಲ್ಲ ಸಬ್ಜಂಕ್ಟಿವ್ ಬಳಸಿದರೆ ತಪ್ಪಾಗದೆಂದು ಮತ್ತೊಂದು ಸಂದೇಶ ಬಂದಿದೆ.

ಶಿಕ್ಷಕಿ: ತಪ್ಪಾಗುತ್ತದೆ. ‘ಕ್ರೇಯೊ ಕೆ ಆಬ್ಲ’, ಅಂದರೆ ಆತ ಮಾತನಾಡುತ್ತಾನೆಂದು ನಂಬುತ್ತೇನೆ, ಇಲ್ಲಿ ಸಬ್ಜಂಕ್ಟಿವ್ ಇಲ್ಲ; ‘ನೊ ಕ್ರೇಯೊ ಕೆ ಆಬ್ಲೆ’, ಅಂದರೆ ಹಾಗೆ ನಂಬುವುದಿಲ್ಲ, ಇಲ್ಲಿ ಇದೆ: ಎರಡನ್ನೂ 10 ಸಲ ಬರೆಯಿರಿ, ಆ ಸಂದೇಶವನ್ನು ಅಳಿಸಿರಿ.