ಹಲಸಿನ ಹಪ್ಪಳದ ಸಂಘಕ್ಕೆ ಸಾಲ: ಪಹಣಿ ಕೊಡಲೇಬೇಕಾ?

ಪ್ರಶ್ನೆ (ಸಾಗರ ತಾಲ್ಲೂಕು): ಮೇಡಂ, ನಮ್ಮದು ಹನ್ನೆರಡು ಜನರ ಸಂಜೀವಿನಿ ಸಂಘ, ಅಂದ್ರೆ ಸರ್ಕಾರದ ಸಂಜೀವಿನಿ ಯೋಜನೆಯ ಮಹಿಳಾ ಸ್ವಸಹಾಯ ಸಂಘ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರ್ತೇವೆ. ಮಳೆ ಹಿಡಿದರೆ ಹಪ್ಪಳ ಒಣಗಲ್ಲ, ಬೂಸ್ಟು ಬರುತ್ತೆ. ಡ್ರೈಯರ್‌ಗೆ ಅಂತ 3 ಲಕ್ಷ ಸಾಲ ಕೇಳಿದ್ವಿ. ಬ್ಯಾಂಕಿನಲ್ಲಿ ಪಹಣಿ ತನ್ನಿ, ಗಂಡಂದಿರ ಸಹಿ ಹಾಕಿಸಿ ಅಂದರು. ಜಮೀನು ನಮ್ಮ ಯಾರ ಹೆಸರಲ್ಲೂ ಇಲ್ಲ. ಮನೆಯಲ್ಲೂ "ಸಾಕು ಬಿಡಿ, ಅದರಲ್ಲಿ ಏನು ಉಳಿಯುತ್ತೆ" ಅಂತಾರೆ. ನಮಗೆ ಬಿಡೋ ಮನಸ್ಸಿಲ್ಲ.

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ): ಖಂಡಿತ ಬಿಡಬೇಡಿ. ಸಂಜೀವಿನಿ ಸಂಘಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು, ಉಳಿತಾಯ ಖಾತೆಯ ದುಡ್ಡನ್ನೂ ಹಿಡಿದಿಟ್ಟುಕೊಳ್ಳಬಾರದು ಅಂತ ರಿಸರ್ವ್ ಬ್ಯಾಂಕ್ ನಿರ್ದೇಶನವೇ ಇದೆ. ಸಾಲಗಾರರು ನಿಮ್ಮ ಸಂಘ, ಗಂಡಂದಿರಲ್ಲ. ಬ್ಯಾಂಕ್ ನೋಡಬೇಕಾದ್ದು ಪಂಚಸೂತ್ರ: ಸಭೆ, ಉಳಿತಾಯ, ಒಳಸಾಲ (ಸಂಘದ ದುಡ್ಡಿನಿಂದ ಸದಸ್ಯರಿಗೆ ಕೊಡುವ ಸಾಲ), ಮರುಪಾವತಿ, ಲೆಕ್ಕಪತ್ರ. ಸಭೆಯಲ್ಲಿ ಠರಾವು ಬರೆದು ಎಲ್ಲರೂ ಸಹಿ ಹಾಕಿ. ನಡಾವಳಿ ಪುಸ್ತಕದ ಜೊತೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಲ್ಲಿ "ಆಗಲ್ಲ" ಅಂದವರೂ ಕಾಗದದ ಮೇಲೆ ಹಾಗೆ ಬರೆದುಕೊಡಲು ಹಿಂದೆಮುಂದೆ ನೋಡುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಸಂಜೀವಿನಿ ನೋಡಿಕೊಳ್ಳುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಆದರೆ "ಏನು ಉಳಿಯುತ್ತೆ" ಅನ್ನೋ ಮಾತಿಗೆ ಉತ್ತರ ನಿಮ್ಮ ಹತ್ತಿರ ಇರಬೇಕು. ಬೆಲೆ ಹೇಗೆ ಕಟ್ಟಿದ್ದೀರಿ?

ಪ್ರಶ್ನೆ ಕೇಳಿದವರು: ಮೆಣಸು, ಉಪ್ಪು, ಜೀರಿಗೆ, ಸೌದೆ, ಪ್ಯಾಕೆಟ್ ಖರ್ಚು ಹಿಡಿದು ಮೇಲೆ ಸ್ವಲ್ಪ ಇಟ್ಟಿದ್ದೇವೆ. ಹಲಸು ಹಿತ್ತಲದ್ದೇ, ಕೆಲಸ ನಮ್ಮದೇ.

ಉತ್ತರ: ಇಲ್ಲೇ ನಿಮಗೆ ನಷ್ಟ ಆಗ್ತಿರೋದು. ಕೈಗೆ ಎಣ್ಣೆ ಹಚ್ಚಿಕೊಂಡು ಮೇಣ ಬಿಡಿಸಿ, ತೊಳೆ ಬೇರೆ ಮಾಡಿ, ಬೇಯಿಸಿ, ಕುಟ್ಟಿ, ಒಂದೊಂದೇ ಉಂಡೆ ಒತ್ತಿ, ಚಾಪೆ ಮೇಲೆ ಹರಡಿ, ಮಧ್ಯಾಹ್ನ ಮಗುಚಿ ಹಾಕುವ ಕೆಲಸಕ್ಕೆ ಕೂಲಿ ಸೊನ್ನೆಯಾ? ಅದೇ ದಿನ ಅಡಿಕೆ ಸುಲಿಯಲು ಹೋಗಿದ್ದರೆ ಸಂಜೆಗೆ ದುಡ್ಡು ಕೈಗೆ ಬರ್ತಿತ್ತಲ್ಲ! ಯಾರು ಎಷ್ಟು ಗಂಟೆ ಕೂತರು ಅಂತ ದಿನವೂ ಬರೆಯಿರಿ. ಕೂಲಿಯನ್ನೂ ಹಲಸಿನ ಬೆಲೆಯನ್ನೂ ಸೇರಿಸಿ, ಆಮೇಲೆ ಲಾಭ ಇಡಿ. ದರ ಏರುತ್ತೆ, ಅಂಗಡಿಯವರು ಗೊಣಗುತ್ತಾರೆ. ಒಂದಿಬ್ಬರು ಬಿಟ್ಟರೂ ಪರವಾಗಿಲ್ಲ. ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸಂಖ್ಯೆ ಇದ್ದರೆ ಶಿವಮೊಗ್ಗ, ಬೆಂಗಳೂರಿನ ಅಂಗಡಿಗಳಿಗೂ ಕೊಡಬಹುದು.

ಪ್ರಶ್ನೆ ಕೇಳಿದವರು: ಹಾಗಾದರೆ ಡ್ರೈಯರ್ ಈಗಲೇ ತಗೊಳ್ಳೋದಾ?

ಉತ್ತರ: ಕೂಲಿ ಹಿಡಿದ ಮೇಲೂ ಲಾಭ ಕಂಡರೆ ತಗೊಳ್ಳಿ. ಹಲಸಿನ ಕಾಲ ಕೆಲವೇ ತಿಂಗಳು, ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತೆ. ಮುರುಗಲು ಸಿಪ್ಪೆ, ಬಾಳೆಕಾಯಿ, ಕಾಳುಮೆಣಸು ಅಂತ ಉಳಿದ ತಿಂಗಳುಗಳಲ್ಲಿ ಡ್ರೈಯರ್‌ಗೆ ಏನು ಹಾಕ್ತೀರಿ ಅನ್ನೋದನ್ನು ಮುಂದಿನ ಸಭೆಯಲ್ಲೇ ಕೂತು ಬರೆಯಿರಿ. ಆ ಹಾಳೆಯನ್ನೂ ಅರ್ಜಿಗೆ ಲಗತ್ತಿಸಿ.